ಬೆಳ್ಳುಳ್ಳಿ ಬಿಟ್ಟ ಮನೆ

ಉಯ್‌ಸಂಗ್‌ನಲ್ಲಿ ಇದ್ದುಕೊಂಡು ಬೆಳ್ಳುಳ್ಳಿ ಬೇಡ ಅನ್ನುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಗಡ್ಡೆ ಕಿತ್ತು ಒಣಹಾಕಿದರೆ, ಬಸ್ಸಿನಲ್ಲಿ ನಿದ್ದೆಹೋದವನಿಗೂ ಇಳಿಯುವ ಜಾಗ ಬಂತು ಎಂದು ಮೂಗೇ ಹೇಳುತ್ತದೆ. ಅಂಥ ಊರಿನಲ್ಲಿ ಅರವತ್ತು ವರ್ಷ ಬೆಳ್ಳುಳ್ಳಿ ನೆಟ್ಟು, ಕಿತ್ತು, ಕಟ್ಟು ಕಟ್ಟಿ ಬದುಕಿದ ನನ್ನ ಅತ್ತೆ, ಮಗನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು:

“ಇವತ್ತಿಂದ ಈ ಮನೆಯೊಳಗೆ ಬೆಳ್ಳುಳ್ಳಿ ಬರಕೂಡ್ದು.”

ದುಃಖದಲ್ಲಿ ಏನೋ ಅನ್ನುತ್ತಿದ್ದಾರೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಅಂದುಕೊಂಡೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಬೆಳ್ಳುಳ್ಳಿ ಬೆರೆಸಿ ಎಲೆಕೋಸು ಹುಳಿಹಾಕಿದ ಕಿಮ್ಚಿಯ ಭರಣಿಗಳನ್ನು ನನ್ನ ಕೈಯಲ್ಲೇ ಹೊರಗೆ ಸಾಗಿಸಿದರು. ಸೋಯಾ ಹಿಟ್ಟಿನ ಡಬ್ಬಿ ತೆಗೆದು ಮೂಸಿದರು. ಜಜ್ಜುವ ಕಲ್ಲನ್ನು ಬಿಸಿನೀರಲ್ಲಿ ಮೂರು ಸಲ ತೊಳೆಸಿದರು.

“ಯಾಕೆ ಅತ್ತೆ ಇದೆಲ್ಲ?” ಎಂದು ಕೇಳಿದೆ.

“ಎಡೆ ಇಡೋವಾಗ ಯಾಕೆ ಬೆಳ್ಳುಳ್ಳಿ ಹಾಕಲ್ಲ, ಅಷ್ಟೂ ಗೊತ್ತಿಲ್ವಾ ನಿಂಗೆ?”

ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ. ತೀರಿಕೊಂಡವರಿಗೆ ವರ್ಷಕ್ಕೊಮ್ಮೆ ಎಡೆ ಇಡುವಾಗ ಯಾವ ಪದಾರ್ಥಕ್ಕೂ ಬೆಳ್ಳುಳ್ಳಿ ಹಾಕುವುದಿಲ್ಲ, ಮೆಣಸಿನಪುಡಿ ಹಾಕುವುದಿಲ್ಲ. ಆ ವಾಸನೆ ಹತ್ತಿದರೆ ಬಂದ ಜೀವ ಹೊಸಿಲಿನಿಂದಲೇ ತಿರುಗಿ ಹೋಗುತ್ತದೆ. ಆದರೆ ಅದು ಒಂದು ದಿನದ ಮಾತು, ಒಂದು ಮೇಜಿನ ಮಾತು. ಅತ್ತೆ ಅದನ್ನು ಇಡೀ ವರ್ಷಕ್ಕೆ, ಇಡೀ ಮನೆಗೆ, ತಮ್ಮ ಬಾಯಿಗೆ ಎಳೆದುಕೊಂಡರು.

“ಅವನು ಯಾವತ್ತು ಬರ್ತಾನೋ ಯಾರಿಗೆ ಗೊತ್ತು. ಬಂದು ನನ್ನ ಪಕ್ಕ ಕೂತಾಗ ನನ್ನ ಬಾಯಿ ವಾಸನೆಗೆ ಎದ್ದು ಹೋದ್ರೆ ಏನು ಮಾಡ್ಲಿ?”

ನಾನು ಇನ್ನೊಂದು ಭರಣಿ ಎತ್ತಿದೆ.

ಆ ಮಗ ಮಾನ್‌ಹೋ, ನನ್ನ ಗಂಡ. ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ ಎಂದು ಊರವರು ನನ್ನ ಬಗ್ಗೆ ಆಡಿಕೊಳ್ಳುವುದಿತ್ತು. ಮಿರ್ಯಾಂಗ್‌ನಿಂದ ಬಂದವಳು, ಅಲ್ಲಿಯ ಹೆಂಗಸರ ನಾಲಿಗೆಯೇ ಹಾಗೆ ಅನ್ನುತ್ತಿದ್ದರು. ನನ್ನ ನಾಲಿಗೆ ಹಾಗಿರುವುದು ನಿಜ, ಅದಕ್ಕೆ ಮಿರ್ಯಾಂಗ್ ಏನೂ ಮಾಡಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರೇ ಜನ. ದೇಗು ಪೇಟೆಯಲ್ಲಿ ಅವನ ಸ್ನೇಹಿತನೊಬ್ಬ ಬೇಕರಿ ಮುಚ್ಚಿದಾಗ ಅಲ್ಲಿಯ ಓವನ್ನನ್ನು ಮಾನ್‌ಹೋ ಲಾರಿಯಲ್ಲಿ ಹೇರಿಕೊಂಡು ಬಂದ. ಅಡುಗೆಮನೆಯಲ್ಲಿ ಹಿಡಿಸಲಿಲ್ಲ. ಬೆಳ್ಳುಳ್ಳಿ ತೂಗುಹಾಕುವ ಶೆಡ್ಡಿನಲ್ಲಿ ಇಟ್ಟ. ಅಂಗಳ ದಾಟಿದರೆ ಶೆಡ್ಡು.

ಅತ್ತೆಗೆ ಹೊಟ್ಟೆಯಲ್ಲಿ ಹುಣ್ಣಾಗಿ ಡಾಕ್ಟರು ಬೆಳ್ಳುಳ್ಳಿ ಬಿಡಿ ಅಂದಿದ್ದು ಎರಡು ವರ್ಷದ ಹಿಂದೆ. ಆಗ ಅವರು ಊಟದ ಮುಂದೆ ಕೂತು ಮುಖ ಗಂಟಿಕ್ಕುತ್ತಿದ್ದರು, ಇದೇನು ಸನ್ಯಾಸಿಗಳ ಗಂಜಿಯಾ ಅನ್ನುತ್ತಿದ್ದರು. ಮಾನ್‌ಹೋ ಒಂದು ದಿನ ಇಡೀ ಗಡ್ಡೆಯ ತಲೆ ಕತ್ತರಿಸಿ, ಎಣ್ಣೆ ಸುರಿದು, ಚಿಟಿಕೆ ಉಪ್ಪು ಹಾಕಿ, ಫಾಯಿಲ್ ಸುತ್ತಿ ಓವನ್ನಿಗೆ ಇಟ್ಟ. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಎಸಳು ಕಂದುಬಣ್ಣಕ್ಕೆ ತಿರುಗಿ, ಬುಡ ಹಿಂಡಿದರೆ ಬೆಣ್ಣೆಯ ಹಾಗೆ ಜಾರಿ ಬಂತು. ಖಾರವಿಲ್ಲ, ಘಾಟಿಲ್ಲ, ಸಿಹಿ. ಅದನ್ನು ಗಂಜಿಗೆ ಮಸೆದು ಅಮ್ಮನಿಗೆ ಕೊಟ್ಟ. ಅತ್ತೆ ಬಟ್ಟಲು ಕೆರೆದು ತಿಂದರು. “ನನ್ನ ಮಗನ ಕೈರುಚಿ ನೋಡು, ನಿಂಗೆ ಇಪ್ಪತ್ತೈದು ವರ್ಷ ಆದ್ರೂ ಬರ್ಲಿಲ್ಲ,” ಎಂದು ನನಗೆ ಅಂದರು. ಮಾನ್‌ಹೋ ಆಚೆ ತಿರುಗಿ ನಗು ನುಂಗುತ್ತಿದ್ದ. ಹೊಟ್ಟೆಯೂ ನೋಯಲಿಲ್ಲ. “ಅಮ್ಮಂಗೆ ಹೇಳ್ಬೇಡ, ಹೇಳಿದ್ರೆ ಡಾಕ್ಟ್ರು ಬೈತಾರೆ ಅಂತ ಬಿಟ್ಟುಬಿಡ್ತಾಳೆ,” ಅಂದ. ಅಂದಿನಿಂದ ಗಂಜಿ ಅವನದೇ.

ತೀರಿಕೊಂಡ ದಿನ, ಅಕ್ಟೋಬರ್‌ನ ಆ ಬೆಳಿಗ್ಗೆಯೂ ಅವನು ಶೆಡ್ಡಿನಲ್ಲಿ ಓವನ್ ಹಚ್ಚಿಕೊಂಡು ನಿಂತಿದ್ದ. ಮೇಲಿನ ಹೊಲದಲ್ಲಿ ನೆಡುವುದು ಅರ್ಧ ಉಳಿದಿತ್ತು, ಮಧ್ಯಾಹ್ನದ ಹೊತ್ತಿಗೆ ಮಳೆ ಅಂದಿದ್ದರು. ನನಗೆ ತಲೆ ಕೆಟ್ಟಿತು. “ಹೊಲ ಬಿಟ್ಟು ಒಲೆ ಕಾಯ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವಾ? ಹೋಗು,” ಎಂದು ನಾನೇ ಕೈಯಾರೆ ಓವನ್ ಆರಿಸಿದೆ. ಅವನು ಏನೂ ಅನ್ನದೆ ಟಿಲ್ಲರ್ ಹತ್ತಿ ಹೋದ. ಬದುವಿನ ತಿರುವಿನಲ್ಲಿ ಟಿಲ್ಲರ್ ಮಗುಚಿತು. ಮಳೆ ಬರಲೇ ಇಲ್ಲ. ಹತ್ತು ದಿನ ಬಿಟ್ಟು ನಾನು ಓವನ್ ತೆಗೆದಾಗ ಅರ್ಧ ಬೆಂದ ಗಡ್ಡೆ ಅಲ್ಲೇ ಇತ್ತು, ಬೂಸು ಹಿಡಿದು.

ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಬೆಳ್ಳುಳ್ಳಿ ಬಿಟ್ಟರೆ ನಮ್ಮ ಊಟದಲ್ಲಿ ಏನುಳಿಯುತ್ತದೆ? ಸೊಪ್ಪಿಗೂ ಅದೇ, ಮೀನಿಗೂ ಅದೇ, ಮಾಂಸಕ್ಕೂ ಅದೇ. ಬರೀ ಉಪ್ಪುನೀರಿನಲ್ಲಿ ಎಲೆಕೋಸು ನೆನೆಹಾಕಿ ಅದಕ್ಕೆ ಕಿಮ್ಚಿ ಎಂದು ಹೆಸರಿಟ್ಟೆ. ಅತ್ತೆ ಎರಡು ತುತ್ತು ತಿಂದು ಚಮಚ ಕೆಳಗಿಡುತ್ತಿದ್ದರು. ರುಚಿ ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ರುಚಿ ಇಲ್ಲ ಎಂದು ಬೈಯದ ಅತ್ತೆಯನ್ನು ನಾನು ಕಂಡೇ ಇರಲಿಲ್ಲ.

ಪಕ್ಕದ ಮನೆಯ ಮಾಲ್‌ಸುನ್ ಅಕ್ಕ ಬೇಲಿಯಾಚೆಯಿಂದ ಕೇಳುತ್ತಿದ್ದಳು, “ಏನೇ, ಅತ್ತೆ ಸೊಸೆ ಇಬ್ರೂ ತಲೆ ಬೋಳಿಸ್ಕೊಂಡು ಮಠ ಸೇರ್ತೀರಂತೆ, ಹೌದಾ?”

“ನೀನೂ ಬಾ. ಅಡುಗೆಗೆ ಒಬ್ಬಳು ಬೇಕು.”

“ನಾನು ಬಂದ್ರೆ ಮಠದ ಬುದ್ಧನೂ ಬೆಳ್ಳುಳ್ಳಿ ಕೇಳ್ತಾನೆ,” ಅಂದಳು. ಆಮೇಲೆ ಧ್ವನಿ ಇಳಿಸಿ, “ಮುದುಕಿ ಅಂಗಳ ದಾಟೋವಾಗ ನೋಡ್ದೆ. ಬಟ್ಟೆ ಮಾತ್ರ ನಡೀತಿದ್ದ ಹಾಗಿತ್ತು. ಏನಾದ್ರೂ ಮಾಡು,” ಅಂದಳು.

ಏನು ಮಾಡಲಿ? ಜನವರಿಯಲ್ಲಿ ಆರೋಗ್ಯ ಕೇಂದ್ರದ ಡಾಕ್ಟರು ತೂಕ ನೋಡಿದರು. ಮೂವತ್ತನಾಲ್ಕು ಕೆ.ಜಿ. “ಹೀಗೇ ಆದ್ರೆ ಬೇಸಿಗೆ ನೋಡಲ್ಲ ಇವರು,” ಎಂದು ಅವರ ಎದುರಿಗೇ ಹೇಳಿದರು. ಅತ್ತೆ ಅದು ಬೇರೆ ಯಾರದೋ ಸುದ್ದಿ ಅನ್ನುವ ಹಾಗೆ ಕೋಟಿನ ಗುಂಡಿ ಹಾಕಿಕೊಂಡರು. ಬರುವಾಗ ಬಸ್ಸಿನಲ್ಲಿ ನಾನು ಬೇಡಿಕೊಂಡೆ, ಬೈದೆ, ಮತ್ತೆ ಬೇಡಿಕೊಂಡೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಮಗನನ್ನು ನನ್ನ ನಾಲಿಗೆ ಕಳಿಸಿತು, ಈಗ ತಾಯಿಯೂ ನನ್ನ ಕೈಯಲ್ಲೇ ಸಾಯುತ್ತಾಳೆ ಅನ್ನಿಸಿತು.

ಅತ್ತೆ ದಿನಾ ಊಟದ ಮುಂಚೆ, ಹನ್ನೊಂದರ ಹೊತ್ತಿಗೆ, ಹಿಂದಿನ ಗುಡ್ಡದ ಮೇಲೆ ಮಗನ ಗೋರಿಯ ಹತ್ತಿರ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದರು. ಫೆಬ್ರವರಿಯ ಒಂದು ದಿನ ಅವರು ಅತ್ತ ಹೋದಮೇಲೆ ನಾನು ಶೆಡ್ಡಿಗೆ ಹೋದೆ. ಬಿತ್ತನೆಯಾಗಿ ಉಳಿದ ಕಟ್ಟುಗಳು ತೂಗುತ್ತಿದ್ದವು. ಆ ವಾಸನೆಗೆ ಬಾಯಲ್ಲಿ ನೀರು ಬಂತು, ನಾಯಿಗೆ ಬರುವ ಹಾಗೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಒಂದು ಗಡ್ಡೆ ಕಿತ್ತು ತಲೆ ಕತ್ತರಿಸಿದೆ. ಎಣ್ಣೆ ಹಾಕಿ, ಉಪ್ಪು ಹಾಕಿ, ಫಾಯಿಲ್ ಸುತ್ತಿ ಓವನ್ನಿಗೆ ಇಟ್ಟೆ. ಅವನು ಹಚ್ಚಿದ್ದನ್ನು ನಾನು ಆರಿಸಿದ್ದೆನಲ್ಲ, ಅದೇ ಗುಂಡಿ ತಿರುಗಿಸಿದೆ. ಬೆಂದಮೇಲೆ ನಿಂತಲ್ಲೇ ಬೆರಳು ಸುಟ್ಟುಕೊಂಡು ನಾಲ್ಕು ಎಸಳು ತಿಂದೆ. ನಮ್ಮ ಬೆಳ್ಳುಳ್ಳಿಗೆ ಆರೇ ಎಸಳು. ಉಳಿದ ಎರಡನ್ನು ನೋಡುತ್ತ ನಿಂತಿದ್ದೆ. ಆಮೇಲೆ ಯೋಚಿಸಲಿಲ್ಲ. ಒಳಗೆ ಹೋಗಿ ಗಂಜಿಗೆ ಮಸೆದೆ.

ಅತ್ತೆ ಬಂದು ಕೂತರು. ಒಂದು ಚಮಚ ಬಾಯಿಗಿಟ್ಟು ತಡೆದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಇನ್ನೊಂದು ಚಮಚ ತಿಂದರು. ಮತ್ತೊಂದು. ಬಟ್ಟಲು ಖಾಲಿಯಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಟ್ಟಲಿನ ತಳ ಕಂಡೆ.

“ಯಾರು ಮಾಡಿದ್ದು ಇದು?”

“ನಾನೇ, ಇನ್ಯಾರು?”

“ಸುಳ್ಳು ಹೇಳ್ಬೇಡ,” ಅಂದರು ಅತ್ತೆ. “ಇದು ಅವನ ಕೈರುಚಿ. ಬಂದಿದ್ದ ಅವನು. ನಾನು ಅಲ್ಲಿ ಗುಡ್ಡದ ಮೇಲೆ ಹುಡುಕ್ತಿದ್ರೆ ಇವನು ಇಲ್ಲಿ ಬಂದು ಅಡುಗೆ ಮಾಡ್ತಾನೆ. ಸಣ್ಣವನಿದ್ದಾಗ್ಲೂ ಹೀಗೇ, ಒಂದು ಕಡೆ ಕರೆದ್ರೆ ಇನ್ನೊಂದು ಕಡೆ ಇರ್ತಿದ್ದ.”

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಎದುರಿಗೆ ಖಾಲಿ ಬಟ್ಟಲು ಇತ್ತು. ಬೆಳ್ಳುಳ್ಳಿ ಎಂದರೆ ನಾಳೆಯಿಂದ ಮತ್ತೆ ಎರಡು ತುತ್ತು, ಆಮೇಲೆ ಅದೂ ಇಲ್ಲ. ನಾನು ಬಟ್ಟಲು ಎತ್ತಿಕೊಂಡು ಹೋಗಿ ತೊಳೆದೆ.

ಅಂದಿನಿಂದ ದಿನಾ ಅದೇ. ಅವರು ಗುಡ್ಡಕ್ಕೆ, ನಾನು ಶೆಡ್ಡಿಗೆ. ಗಂಜಿಯಲ್ಲಿ ಮಸೆದೆ, ಆಲೂಗಡ್ಡೆಯಲ್ಲಿ ಮಸೆದೆ, ಸೋಯಾ ಸಾರಿನಲ್ಲಿ ಕರಗಿಸಿದೆ, ಮೊಟ್ಟೆಯಲ್ಲಿ ಕಲಸಿ ಹಬೆಯಲ್ಲಿ ಬೇಯಿಸಿದೆ. ಸಾಬೂನು ಹಚ್ಚಿ ಹಚ್ಚಿ ಕೈ ಬಿರಿಯಿತು. ಫಾಯಿಲನ್ನು ಉಂಡೆ ಮಾಡಿ ಮಾಲ್‌ಸುನ್ ಅಕ್ಕನ ಕಸದಲ್ಲಿ ಹಾಕಿದೆ. ಅತ್ತೆಯ ಕೆನ್ನೆ ತುಂಬಿತು. ಏಪ್ರಿಲ್‌ನಲ್ಲಿ ಮೂವತ್ತೊಂಬತ್ತು ಕೆ.ಜಿ. ಡಾಕ್ಟರು ನನ್ನ ಬೆನ್ನು ತಟ್ಟಿದರು.

ನನಗೆ ಸಂತೋಷ ಆಗಬೇಕಿತ್ತು. ಆದರೆ ಅತ್ತೆ ಈಗ ಊಟದ ಮೇಜಿಗೆ ಅವನ ಚಮಚ ಇಡತೊಡಗಿದ್ದರು. ಹೊಸ ಕಾಲುಚೀಲ ತಂದು ಹೊಸಿಲಿನ ಹತ್ತಿರ ಇಟ್ಟರು, ಅವನಿಗೆ ಪಾದ ತಣ್ಣಗಾಗುತ್ತದಂತೆ. ಒಂದು ದಿನ ನಾನು ತಡೆಯಲಾರದೆ, “ನನ್ನ ಹತ್ರ ಯಾಕೆ ಬರಲ್ಲ ಅವನು?” ಎಂದು ಕೇಳಿದೆ. ಹುಚ್ಚು ಪ್ರಶ್ನೆ, ನಾನೇ ಮಾಡಿದ ಗಂಜಿಯನ್ನು ಮುಂದಿಟ್ಟುಕೊಂಡು.

“ನೀನು ಬೈತೀಯಲ್ಲ, ಅದಕ್ಕೆ,” ಅಂದರು ಅತ್ತೆ, ಏನೂ ದ್ವೇಷವಿಲ್ಲದೆ. “ಅವನು ಬರೋದು ನನಗೋಸ್ಕರ.”

ಅಂಗಳಕ್ಕೆ ಹೋಗಿ ನಿಂತೆ. ಇಲ್ಲದ ಗಂಡನ ಮೇಲೆ ಹೊಟ್ಟೆಕಿಚ್ಚು ಬಂತು. ಬೆರಳು ಸುಟ್ಟುಕೊಳ್ಳುವವಳು ನಾನು, ಹೆಸರು ಅವನಿಗೆ. ಅಷ್ಟಕ್ಕೇ ಮುಗಿಯಲಿಲ್ಲ. ಒಂದೊಂದು ದಿನ ಓವನ್ ಮುಂದೆ ನಿಂತಾಗ, ಅತ್ತೆ ಹೇಳುವುದೇ ನಿಜವಿರಬಹುದಾ ಎಂದು ನಾನೂ ಹಿಂದೆ ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ಮಾಲ್‌ಸುನ್ ಅಕ್ಕನಿಗೆ ಮಾತ್ರ ಗೊತ್ತಿತ್ತು, ಕಸದ ಬುಟ್ಟಿ ಅವಳದಲ್ಲವೇ. “ಎಷ್ಟು ದಿನ ದೆವ್ವದ ವೇಷ ಹಾಕ್ತೀಯೇ? ಗೊತ್ತಾದ ದಿನ ಮುದುಕಿ ಅವತ್ತೇ ಹೋಗ್ತಾಳೆ,” ಅಂದಳು.

“ಅದಕ್ಕೇ ಗೊತ್ತಾಗಬಾರ್ದು.”

“ನಿನ್ನ ಮುಖ ನೋಡಿದೀಯಾ? ಅವಳು ಉಳೀತಾಳೆ, ನೀನು ಹೋಗ್ತೀಯ.”

ಅಕ್ಟೋಬರ್ ಬಂತು. ಮೊದಲ ವರ್ಷದ ಎಡೆ. ಮಾಲ್‌ಸುನ್ ಅಕ್ಕನ ಗಂಡ ಬಂದು, ಎಡೆಯ ಮುಂದೆ ಗಂಡಸರು ಸುರಿಯಬೇಕಾದ ಮದ್ಯವನ್ನು ತಾನು ಸುರಿದು ಕೊಡುತ್ತೇನೆ ಅಂದರೂ ಅತ್ತೆ ಬೇಡ ಅಂದರು. ಗಂಡಸರಿಲ್ಲದಿದ್ದರೆ ಹೆಂಡತಿ ಸುರಿಯಲಿ, ಮಾಡಬೇಕಾದವರು ನಾವಿಬ್ಬರೇ ಅಂದರು. ಬೆಳಿಗ್ಗೆಯಿಂದ ಮೀನು ಬೇಯಿಸಿದೆ, ತರಕಾರಿಗೆ ಹಿಟ್ಟು ಸವರಿ ಹೆಂಚಿನ ಮೇಲೆ ಕಾಯಿಸಿದೆ, ಚೆಸ್ಟ್‌ನಟ್ ಕಾಯಿ ಸುಲಿದೆ. ಯಾವುದರಲ್ಲೂ ಬೆಳ್ಳುಳ್ಳಿ ಇಲ್ಲ. ಹನ್ನೊಂದಕ್ಕೆ ಅತ್ತೆ ಶುಭ್ರವಾದ ಬಟ್ಟೆ ಉಟ್ಟು ಗುಡ್ಡದ ಕಡೆ ಹೊರಟರು. ಮಧ್ಯಾಹ್ನದ ಗಂಜಿ ಆಗಬೇಕಲ್ಲ ಎಂದು ನಾನು ಶೆಡ್ಡಿಗೆ ಓಡಿದೆ.

ಗಡ್ಡೆಗಳು ಬೆಂದಮೇಲೆ ಬಾಗಿಲಿಗೆ ಬೆನ್ನು ಹಾಕಿ ಟ್ರೇ ಹೊರಗೆಳೆಯುತ್ತಿದ್ದೆ. ಬೆಳಕು ಮರೆಯಾಯಿತು. ತಿರುಗಿದರೆ ಅತ್ತೆ. ಗುಡ್ಡ ಹತ್ತದೆ, ಅರ್ಧ ದಾರಿಯಲ್ಲಿ ಕಾದು ಕೂತು ವಾಪಸು ಬಂದಿದ್ದರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಆ ಹೊಸ ಕಾಲುಚೀಲ. ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ನೋಡಿದರು. ತೂಗುವ ಕಟ್ಟುಗಳ ನಡುವೆ, ಗೋಡೆಯ ಮೂಲೆಯಲ್ಲಿ, ಓವನ್ನಿನ ಆಚೆ, ಎಲ್ಲ ಕಡೆ ನೋಡಿದರು.

“ಎಲ್ಲಿ ಅವನು?”

ನಾನು ಟ್ರೇ ಹಿಡಿದುಕೊಂಡೇ ನಿಂತೆ.

“ಈ ಹೊತ್ತಿಗೆ ಬರ್ತಾನೆ, ದಿನಾ ಬರ್ತಾನೆ. ಇವತ್ತಾದ್ರೂ ಮುಖ ನೋಡೋಣ ಅಂತ ಬಂದೆ. ಎಲ್ಲಿ ಅಂತ ಕೇಳ್ದೆ ನಿನ್ನ.”

“ಅವನಿಲ್ಲ ಅತ್ತೆ. ನಾನೇ.”

“ಇವತ್ತೊಂದು ದಿನ ನೀನಾ?”

“ದಿನಾ ನಾನೇ. ಫೆಬ್ರವರಿಯಿಂದ.”

“ಒಂದು ದಿನಾನೂ ಅವನು…?”

“ಒಂದು ದಿನಾನೂ ಇಲ್ಲ.”

ಅವರು ಬೋರಲು ಬಿದ್ದಿದ್ದ ಪೆಟ್ಟಿಗೆಯ ಮೇಲೆ ಕೂತರು. ನಾನು ಟ್ರೇ ಕೆಳಗಿಟ್ಟು ನೆಲದ ಮೇಲೆ ಕುಸಿದೆ. ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದೆ. ಅವನು ಗುಟ್ಟಾಗಿ ಹಾಕುತ್ತಿದ್ದುದು, ಆ ಬೆಳಿಗ್ಗೆ ನಾನು ಓವನ್ ಆರಿಸಿದ್ದು, ನಾಚಿಕೆ ಆಗಲ್ವಾ ಅಂದಿದ್ದು, ಬೂಸು ಹಿಡಿದ ಗಡ್ಡೆ. “ನಾನೇ ಕಳಿಸಿದ್ದು ಅತ್ತೆ. ಹೊಡೀರಿ ನನ್ನ. ಆದ್ರೆ ಊಟ ಬಿಡ್ಬೇಡಿ. ಕೈ ಮುಗೀತೀನಿ, ಊಟ ಮಾತ್ರ ಬಿಡ್ಬೇಡಿ.”

ಅವರು ಕಾಲುಚೀಲವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

“ಮಳೆ ಬರತ್ತೆ ಅಂತ ಟೀವೀಲಿ ನೋಡಿ ಅವತ್ತು ಮೊದ್ಲು ಹೇಳಿದ್ದು ನಾನು,” ಅಂದರು ಕೊನೆಗೆ. “ನೀನು ಏಳೋ ಮುಂಚೆ. ಹೊಲಕ್ಕೆ ಹೋಗೋ ಸೋಮಾರಿ ಅಂದೆ. ಬಂದ್ರೆ ಅದನ್ನ ಹೇಳಿ, ತಪ್ಪಾಯ್ತು ಕಣೋ ಅನ್ಬೇಕಿತ್ತು. ಅದಕ್ಕೆ ಕಾಯ್ತಿದ್ದೆ.”

ನಾನು ತಲೆ ಎತ್ತಿ ನೋಡಿದೆ.

“ಗಂಜಿಯಲ್ಲಿ ಬೆಳ್ಳುಳ್ಳಿ ಇದೆ ಅಂತ ಮೊದಲ್ನೇ ಚಮಚಕ್ಕೇ ಗೊತ್ತಾಯ್ತು ನಂಗೆ. ಅವನು ಇದ್ದಾಗ್ಲೂ ಗೊತ್ತಿತ್ತು. ಅರವತ್ತು ವರ್ಷ ಇದರಲ್ಲೇ ಹೊರಳಾಡಿದ ಬಾಯಿಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ತಿಂದ್ರಿ?”

“ಅವನೇ ಹಾಕಿದಾನೆ ಅಂದ್ಕೊಂಡೆ. ಅವನೇ ಕೈಯಾರೆ ಹಾಕಿದ್ಮೇಲೆ ಅದಕ್ಕೆ ಹೆದರಿ ಯಾಕೆ ಓಡ್ತಾನೆ ಅಂದ್ಕೊಂಡೆ.” ಕಾಲುಚೀಲವನ್ನು ತೊಡೆಯ ಮೇಲಿಟ್ಟರು. “ಒಂದು ಸಲಾನೂ ಬರ್ಲಿಲ್ವಾ?”

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಎದ್ದು ಒಬ್ಬರೇ ಮನೆಗೆ ಹೋದರು. ಮಧ್ಯಾಹ್ನ ಗಂಜಿ ಮುಟ್ಟಲಿಲ್ಲ. ಬಟ್ಟಲಿನ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ನಾನು ಕೂತಿದ್ದೆ. ಗೊತ್ತಾದ ದಿನವೇ ಹೋಗ್ತಾಳೆ ಎಂದು ಅಕ್ಕ ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಈಗೆಲ್ಲ ಎಡೆಯನ್ನು ಸಂಜೆಯೇ ಮುಗಿಸುತ್ತಾರೆ. ಐದು ಗಂಟೆಗೆ ಮೇಜು ಜೋಡಿಸಿದೆ. ಹಿಂದೆ ಅವನ ಫೋಟೋ, ಮುಂದೆ ಅನ್ನ, ಸಾರು, ಮೀನು, ಹಣ್ಣು. ಅತ್ತೆ ಒಳಗಿನಿಂದ ಬಂದು ಎಲ್ಲವನ್ನೂ ನೋಡಿದರು.

“ಅದನ್ನೂ ತಾ,” ಅಂದರು.

“ಯಾವುದನ್ನ?”

“ಶೆಡ್ಡಲ್ಲಿ ಇರೋದನ್ನ.”

“ಅತ್ತೆ, ಎಡೆಗೆ ಅದು…”

“ಅದರ ವಾಸನೆಗೆ ಓಡಿಹೋಗೋನು ನನ್ನ ಮಗ ಆಗಿರಲ್ಲ. ತಾ ಅಂದ್ನಲ್ಲ.”

ಹೋಗಿ ತಂದುಕೊಟ್ಟೆ. ಫಾಯಿಲ್ ಬಿಡಿಸಿ ಒಂದು ಗಡ್ಡೆಯನ್ನು ಬಿಳಿ ತಟ್ಟೆಯಲ್ಲಿ ಅವರೇ ಫೋಟೋದ ಎದುರಿಗೆ ಇಟ್ಟರು. ನಾನು ಮದ್ಯ ಸುರಿದೆ, ಎರಡು ಸಲ ನೆಲಕ್ಕೆ ಹಣೆ ಹಚ್ಚಿದೆ. ಮಗನಿಗೆ ತಾಯಿ ನಮಸ್ಕಾರ ಮಾಡುವಂತಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಫೋಟೋಗೆ, “ತಪ್ಪಾಯ್ತು ಕಣೋ,” ಎಂದು ಒಂದೇ ಸಲ ಹೇಳಿದರು. ಅವನ ಚಮಚವನ್ನು ಅನ್ನದ ನಡುವೆ ನೆಟ್ಟಗೆ ನಿಲ್ಲಿಸಿದೆ. ಬಂದವರು ನಿರಾಳವಾಗಿ ಉಣ್ಣಲಿ ಎಂದು ಇಬ್ಬರೂ ಹೊರಗೆ ಬಂದು ಬಾಗಿಲು ಹಾಕಿದೆವು.

ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾಯಬೇಕು. ಜಗಲಿಯ ಮೇಲೆ ಅಕ್ಕಪಕ್ಕ ಕೂತೆವು. ಬಾಗಿಲ ಸಂದಿಯಿಂದ ಸುಟ್ಟ ಬೆಳ್ಳುಳ್ಳಿಯ ಸಿಹಿ ವಾಸನೆ ಬರುತ್ತಿತ್ತು. ಅತ್ತೆ ಒಳಗಿನ ಸದ್ದಿಗೆ ಕಿವಿಗೊಟ್ಟು ಉಸಿರು ಹಿಡಿದಿದ್ದರು. ನಾನೂ ಹಿಡಿದಿದ್ದೆ. ಒಂಬತ್ತು ತುತ್ತು ಮುಗಿಯಿತು. ಅವರು ಏಳಲಿಲ್ಲ. ಇನ್ನೊಂದು ಒಂಬತ್ತು ತುತ್ತು ಆಯಿತು, ಮತ್ತೊಂದು ಆಯಿತು. ಕತ್ತಲಾಗತೊಡಗಿತು. ಆಮೇಲೆ ಅವರು, ಒಳಗೆ ಬರುತ್ತಿದ್ದೇವೆ ಎಂದು ಬಂದ ಜೀವಕ್ಕೆ ತಿಳಿಸುವ ಹಾಗೆ, ಮೂರು ಸಲ ಕೆಮ್ಮಿ ಬಾಗಿಲು ತೆಗೆದರು.

ಚಮಚ ನಿಂತ ಹಾಗೇ ನಿಂತಿತ್ತು. ಅತ್ತೆ ಮೇಜಿನ ಹತ್ತಿರ ಬಗ್ಗಿ ಬೆಳ್ಳುಳ್ಳಿಯ ತಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳಿನಿಂದ ಒಂದೊಂದೇ ಎಸಳು ಮುಟ್ಟಿದರು.

“ಆರೂ ಇದೆ,” ಅಂದರು.

ನಾನು ಅವರ ಸೊಂಟ ಹಿಡಿದುಕೊಂಡೆ, ಬೀಳುತ್ತಾರೇನೋ ಎಂದು. ಅವರು ಬೀಳಲಿಲ್ಲ. ಅನ್ನದಿಂದ ಮಗನ ಚಮಚ ಎಳೆದು ಒರೆಸಿ ಪಕ್ಕಕ್ಕಿಟ್ಟರು.

“ಇನ್ನು ಬರಲ್ಲ ಅವನು. ಅನ್ನ ಬಡಿಸು.”

ಬಡಿಸಿದೆ. ಅವರು ಮೂರು ಎಸಳನ್ನು ನನ್ನ ಬಟ್ಟಲಿಗೆ ಹಿಂಡಿದರು, ಮೂರನ್ನು ತಮ್ಮ ಬಟ್ಟಲಿಗೆ. ಕಲಸಿ ಒಂದು ತುತ್ತು ಬಾಯಿಗಿಟ್ಟರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಿಧಾನವಾಗಿ ಅಗಿದು ನುಂಗಿದರು.

“ಉಪ್ಪು ಜಾಸ್ತಿ,” ಅಂದರು. “ಅವನು ಇಷ್ಟು ಹಾಕ್ತಿರ್ಲಿಲ್ಲ. ನಿನ್ನ ಕೈ ಇದು.”

ಆಮೇಲೆ ಬಟ್ಟಲು ಮುಂದೆ ಚಾಚಿ ಇನ್ನೊಂದಿಷ್ಟು ಅನ್ನ ಕೇಳಿದರು.